ನಾಲ್ಕಿಂಚಿನ ರಾಕೆಟ್: ಅಂಟಿನಿಂದ ಪ್ಯಾರಾಚೂಟಿನವರೆಗೆ

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲೆ ಬಿಚ್ಚಿಟ್ಟಿರುವುದು ಒಂದು ಹೈ ಪವರ್ ರಾಕೆಟ್ಟಿನ ಕಿಟ್. 4 ಇಂಚು ವ್ಯಾಸದ ರಟ್ಟಿನ ಕೊಳವೆ, ಪ್ಲಾಸ್ಟಿಕ್ ಮೂತಿ, ಪ್ಲೈವುಡ್ಡಿನ ಮೂರು ರೆಕ್ಕೆ, 38 ಮಿಲಿಮೀಟರ್ ಮೋಟರ್ ಕೂರುವ ಒಳಕೊಳವೆ, ಅದನ್ನು ನಟ್ಟನಡುವೆ ಹಿಡಿದಿಡುವ ಎರಡು ಪ್ಲೈವುಡ್ ಬಳೆ, ಮೂತಿಯನ್ನೂ ಕೊಳವೆಯನ್ನೂ ಒಟ್ಟಿಗೆ ಕಟ್ಟಿಡುವ ಉದ್ದನೆಯ ನೈಲಾನ್ ಪಟ್ಟಿ, ಪ್ಯಾರಾಚೂಟ್. ಅಮೆರಿಕದಲ್ಲಿ ಲೆವೆಲ್ 1, ಅಂದರೆ ಹೈ ಪವರ್ ರಾಕೆಟ್ ಹಾರಿಸುವ ಮೊದಲ ಹಂತದ ಪ್ರಮಾಣಪತ್ರಕ್ಕೆ ಬಹಳ ಜನ ಹಾರಿಸುವುದು ಇಂಥದ್ದನ್ನೇ. 18 ವರ್ಷ ತುಂಬಿರಬೇಕು. ನ್ಯಾಷನಲ್ ಅಸೋಸಿಯೇಷನ್ ಆಫ್ ರಾಕೆಟ್ರಿ ಅಥವಾ ಟ್ರಿಪೊಲಿ ರಾಕೆಟ್ರಿ ಅಸೋಸಿಯೇಷನ್ನಿನ ಸದಸ್ಯರಾಗಿರಬೇಕು. ಮೋಟರ್ H ಅಥವಾ I ದರ್ಜೆಯದು, ಅಂದರೆ ಅದು ಕೊಡುವ ಒಟ್ಟು ತಳ್ಳು 160ರಿಂದ 640 ನ್ಯೂಟನ್-ಸೆಕೆಂಡ್. ಆಕಾಶದ ಅನುಮತಿಯನ್ನು ಅಲ್ಲಿನ ವಿಮಾನಯಾನ ಇಲಾಖೆಯಾದ ಎಫ್‌ಎಎಯಿಂದ ಕ್ಲಬ್ಬಿನವರು ತೆಗೆದಿಟ್ಟಿರುತ್ತಾರೆ.

ಎಷ್ಟು ಎತ್ತರ ಹೋಯಿತು ಅಂತ ಯಾರೂ ಕೇಳುವುದಿಲ್ಲ. ಪ್ಯಾರಾಚೂಟ್ ಬಿಚ್ಚಿಕೊಂಡು, ಮತ್ತೆ ಹಾರಿಸುವಂಥ ಸ್ಥಿತಿಯಲ್ಲಿ ನೆಲಕ್ಕೆ ಬಂದರೆ ಪಾಸು. ಹಾಗಾಗಿ ಕಟ್ಟುವಾಗಲೂ ಇಳಿಯುವುದನ್ನೇ ತಲೆಯಲ್ಲಿಟ್ಟುಕೊಂಡು ಕಟ್ಟಬೇಕು.

ಮೊದಲು ಅಂಟು. ಅಂಟು ಹತ್ತುವ ಜಾಗವನ್ನೆಲ್ಲ ಉಪ್ಪುಕಾಗದದಿಂದ ಉಜ್ಜಿ. ಒಳಕೊಳವೆಯ ಮೇಲಿರುವ ಹೊಳಪಿನ ಪದರ ಹೋಗದಿದ್ದರೆ ಎಪಾಕ್ಸಿ (ಎರಡು ಭಾಗ ಕಲಸಿ ಹಚ್ಚುವ ಅಂಟು) ಹಿಡಿಯುವುದು ಆ ಪದರವನ್ನು, ಕೊಳವೆಯನ್ನಲ್ಲ. ಒಂದು ದಿನ ಪದರವೇ ಸಿಪ್ಪೆಯಂತೆ ಕಿತ್ತು ಬರುತ್ತದೆ. ಎಲ್ಲ ಭಾಗಗಳನ್ನೂ ಅಂಟಿಲ್ಲದೆ ಒಮ್ಮೆ ಜೋಡಿಸಿ ನೋಡಿ. ಭಾರ ಹೊರುವ ಜೋಡಣೆಗೆ 30 ನಿಮಿಷದ ಎಪಾಕ್ಸಿ ಬೇಕು, 5 ನಿಮಿಷದ್ದು ತಾತ್ಕಾಲಿಕ ಹಿಡಿತಕ್ಕೆ ಮಾತ್ರ. ಒಂದು ಸಲಕ್ಕೆ 10–15 ಗ್ರಾಂ ಕಲಸಿದರೆ ಸಾಕು. ಲೋಟದ ತುಂಬ ಕಲಸಿದರೆ ತನ್ನ ಬಿಸಿಗೆ ತಾನೇ ಬೇಗ ಗಟ್ಟಿಯಾಗುತ್ತದೆ. ಕೈಗೆ ನೈಟ್ರೈಲ್ ಗವಸು ಇರಲಿ. ಎಪಾಕ್ಸಿಯ ಅಲರ್ಜಿ ಒಮ್ಮೆ ಅಂಟಿಕೊಂಡರೆ ಬಿಡುವುದಿಲ್ಲ.

ಹೆಚ್ಚು ಜನ ಎಡವುವುದು ಒಳಕೊಳವೆಯನ್ನು ದೊಡ್ಡ ಕೊಳವೆಗೆ ಸೇರಿಸುವಾಗ. ಇಲ್ಲಿ ನೋಡಿ, ರೆಕ್ಕೆಗಾಗಿ ಕೊರೆದ ಸೀಳುಗಳಿವೆ. ಮುಂದಿನ ಬಳೆ ಕೂರಬೇಕಾದ್ದು ಸೀಳಿನ ಮೇಲ್ತುದಿಗಿಂತ ಸ್ವಲ್ಪ ಮುಂದೆ. ಉದ್ದನೆಯ ಕಡ್ಡಿಯ ತುದಿಗೆ ಅಂಟು ಹಚ್ಚಿಕೊಂಡು ಅಷ್ಟು ದೂರಕ್ಕೇ ಒಂದು ಸುತ್ತು ಬಳಿಯಿರಿ. ಹಿಂದೆಲ್ಲಾದರೂ ಬಳಿದಿರೋ, ಬಳೆ ಅಂಟನ್ನು ತಳ್ಳಿಕೊಂಡು ಹೋಗಿ ಸೀಳಿಗೆ ತುಂಬುತ್ತದೆ, ಆಮೇಲೆ ರೆಕ್ಕೆ ಒಳಗೆ ಹೋಗುವುದಿಲ್ಲ. ಬೇಗ ಗಟ್ಟಿಯಾಗುವ ಅಂಟಾದರೆ ಅರ್ಧ ದಾರಿಯಲ್ಲೇ ಕಚ್ಚಿಕೊಳ್ಳುತ್ತದೆ. ಕೊಳವೆ ಕೆಟ್ಟಿತು ಅಂತಲೇ ಲೆಕ್ಕ.

ಹಿಂದಿನ ಬಳೆಯನ್ನು ಈಗಲೇ ಅಂಟಿಸಬೇಡಿ. ಅದಕ್ಕೊಂದು ಟೇಪಿನ ಹಿಡಿ ಅಂಟಿಸಿ ಸುಮ್ಮನೆ ತೂರಿಸಿಡಿ. ರೆಕ್ಕೆಗಳನ್ನು ಸೀಳಿನ ಮೂಲಕ ಒಳಕೊಳವೆಗೇ ತಾಗುವಂತೆ ಕೂರಿಸಿ, ನೆಟ್ಟಗಿದೆಯೇ ನೋಡಿ, ಅಂಟು ಒಣಗಲು ಬಿಡಿ. ಆಮೇಲೆ ಟೇಪು ಹಿಡಿದು ಬಳೆ ಎಳೆದರೆ ಹಿಂಬದಿ ಪೂರ್ತಿ ತೆರೆದುಕೊಳ್ಳುತ್ತದೆ. ರೆಕ್ಕೆ ಒಳಕೊಳವೆಗೆ ಸೇರುವ ಮೂಲೆ, ಹೊರಕೊಳವೆಯ ಒಳಗೋಡೆಗೆ ಸೇರುವ ಮೂಲೆ, ಎರಡಕ್ಕೂ ಅಂಟು ತುಂಬಿ. ಒಂದು ರೆಕ್ಕೆಗೆ ನಾಲ್ಕು ಮೂಲೆ, ಮೂರಕ್ಕೆ ಹನ್ನೆರಡು. ಬೇಸರದ ಕೆಲಸ ನಿಜ, ಆದರೆ ಗಟ್ಟಿ ನೆಲಕ್ಕೆ ಬಿದ್ದಾಗ ರೆಕ್ಕೆಯನ್ನು ಉಳಿಸುವುದು ಈ ಕಾಣದ ಅಂಟೇ. ಆಮೇಲೆ ಬಳೆ ಅಂಟಿಸಿ. ಹೊರಗಿನ ಮೂಲೆಗೆ ಅಂಟು ಹಾಕಿ, ರಬ್ಬಿಂಗ್ ಆಲ್ಕೋಹಾಲಿನಲ್ಲಿ ಅದ್ದಿದ ಬೆರಳಿನಿಂದ ಒಮ್ಮೆ ಸವರಿದರೆ ನುಣ್ಣಗಾಗುತ್ತದೆ.

ಮೋಟರನ್ನು ಹಿಡಿದಿಡುವ ತಿರುಗಣೆ ಮುಚ್ಚಳಕ್ಕೆ ಮಾತ್ರ ಬಿಸಿ ತಡೆಯುವ ಎಪಾಕ್ಸಿಯಾದ ಜೆಬಿ ವೆಲ್ಡ್ ಬಳಸಿ. ಅಲ್ಲಿನ ಬಿಸಿಗೆ ಮಾಮೂಲಿ ಎಪಾಕ್ಸಿ ಮೆತ್ತಗಾಗುತ್ತದೆ. ಹಾರುವಾಗ ಉಡಾವಣೆಯ ಹಳಿಯಲ್ಲಿ ಜಾರುವ ಹಳಿಗುಂಡಿ, ಅಂದರೆ ರೇಲ್ ಬಟನ್, ಎರಡು: ಒಂದು ಹಿಂತುದಿಯ ಬಳಿ, ಇನ್ನೊಂದು ತೂಕದ ಮಧ್ಯಬಿಂದುವಿನ ಹತ್ತಿರ. ಬಣ್ಣ ನಿಮ್ಮಿಷ್ಟ, ಮೂತಿಯ ಕೆಳಗೆ ಕೊಳವೆಯೊಳಗೆ ಹೋಗುವ ಭಾಗಕ್ಕೆ ಮಾತ್ರ ಬಣ್ಣ ತಾಗದಂತೆ ಮೊದಲೇ ಟೇಪು ಸುತ್ತಿಡಿ.

ಇನ್ನು ಮೂತಿ. ಮೂತಿ ಹಿಡಿದು ರಾಕೆಟ್ಟನ್ನು ಎತ್ತಿದರೆ ಕೊಳವೆ ಜಾರಬಾರದು. ಸ್ವಲ್ಪ ಕುಲುಕಿದರೆ ಜಾರಬೇಕು. ಸಡಿಲವಾಗಿದ್ದರೆ ಮಾಸ್ಕಿಂಗ್ ಟೇಪು ಸುತ್ತಿ, ಬಿಗಿಯಾಗಿದ್ದರೆ ಉಜ್ಜಿ. ಪ್ಯಾರಾಚೂಟ್ ಕೂರುವ ಭಾಗದಲ್ಲಿ 3 ಮಿಲಿಮೀಟರಿನ ಒಂದು ತೂತು ಕೊರೆಯಿರಿ. 600 ಮೀಟರ್ ಮೇಲೆ ಹೊರಗಿನ ಗಾಳಿಯ ಒತ್ತಡ ನೂರಕ್ಕೆ ಏಳರಷ್ಟು ಇಳಿದಿರುತ್ತದೆ. ಒಳಗಿನ ಗಾಳಿ ಸಿಕ್ಕಿಕೊಂಡರೆ 4 ಇಂಚಿನ ಮೂತಿಯ ಮೇಲೆ 5 ಕಿಲೋಗೂ ಹೆಚ್ಚು ಭಾರದ ತಳ್ಳಾಟ. ರಾಕೆಟ್ ಇನ್ನೂ ವೇಗವಾಗಿ ಏರುತ್ತಿರುವಾಗಲೇ ಮೂತಿ ಕಳಚಿಕೊಳ್ಳುವುದು ಹೀಗೆ.

ಹುಟ್ಟಿದ ಜಾಗ ಬಿಟ್ಟು ಎಲ್ಲೆಲ್ಲೋ ನುಗ್ಗುವ ದೀಪಾವಳಿ ರಾಕೆಟ್ ನೋಡಿದ್ದೀರಲ್ಲ, ಕಡ್ಡಿ ಮುರಿದದ್ದು? ಆ ಕಡ್ಡಿ ಮಾಡುವ ಕೆಲಸವೇ ಇಲ್ಲಿ ರೆಕ್ಕೆಯದು. ಗಾಳಿಯ ಒತ್ತಡದ ಕೇಂದ್ರಕ್ಕಿಂತ (ಗಾಳಿಯ ಬಲವೆಲ್ಲ ಸೇರಿ ಒತ್ತುವ ಬಿಂದು) ತೂಕದ ಕೇಂದ್ರ ಕನಿಷ್ಠ ಒಂದು ವ್ಯಾಸದಷ್ಟು, ಅಂದರೆ 4 ಇಂಚು, ಮುಂದಿರಬೇಕು. ಒತ್ತಡದ ಕೇಂದ್ರವನ್ನು ಓಪನ್‌ರಾಕೆಟ್ ತಂತ್ರಾಂಶ ಲೆಕ್ಕ ಹಾಕಿಕೊಡುತ್ತದೆ. ತೂಕದ ಕೇಂದ್ರವನ್ನು ಮಾತ್ರ ಮೋಟರ್, ಪ್ಯಾರಾಚೂಟ್ ಎಲ್ಲ ತುಂಬಿದ ಮೇಲೆ ದಾರಕ್ಕೆ ತೂಗುಹಾಕಿ ನೀವೇ ಗುರುತಿಸಿ. ನಿಮ್ಮ ಅಂಟಿನ ತೂಕ ಕಂಪ್ಯೂಟರಿಗೆ ಗೊತ್ತಿರುವುದಿಲ್ಲ.

ಎಲ್ಲ ಸೇರಿ 1.9 ಕಿಲೋ ಆಯಿತು ಅನ್ನಿ. H123 ಮೋಟರಿನ ಸರಾಸರಿ ತಳ್ಳು 123 ನ್ಯೂಟನ್, ರಾಕೆಟ್ಟಿನ ಭಾರದ ಆರೂವರೆ ಪಟ್ಟು. ಐದು ಪಟ್ಟಿಗಿಂತ ಕಡಿಮೆಯಾದರೆ ಹಳಿ ಬಿಡುವಾಗ ವೇಗ ಸಾಲದೆ ಗಾಳಿಗೆ ವಾಲುತ್ತದೆ.

ಪ್ಯಾರಾಚೂಟ್ 36 ಇಂಚಿನದಾದರೆ ಈ ರಾಕೆಟ್ ಸೆಕೆಂಡಿಗೆ ಸುಮಾರು 7.5 ಮೀಟರ್ ವೇಗದಲ್ಲಿ ನೆಲಕ್ಕೆ ಬಡಿಯುತ್ತದೆ. 48 ಇಂಚಿನದಾದರೆ ಆರಕ್ಕಿಂತ ಕಡಿಮೆ. ಎರಡನೆಯದೇ ಇರಲಿ. ಪಟ್ಟಿ ರಾಕೆಟ್ಟಿನ ಉದ್ದದ ಮೂರರಿಂದ ಐದು ಪಟ್ಟು. ಗಿಡ್ಡ ಪಟ್ಟಿಯಾದರೆ ಮೂತಿ ಚಿಮ್ಮಿ ವಾಪಸು ಬಂದು ಕೊಳವೆಗೇ ಗುದ್ದುತ್ತದೆ. ಪ್ಯಾರಾಚೂಟಿಗೆ ಬೆಂಕಿ ತಾಗದ ಬಟ್ಟೆ ಸುತ್ತುವುದನ್ನು ಮರೆಯಬೇಡಿ.

ಪ್ಯಾರಾಚೂಟನ್ನು ಹೊರಗೆ ತಳ್ಳುವುದು ಮೋಟರಿನ ತಲೆಯಲ್ಲಿರುವ ಕೋವಿಮದ್ದು. 4 ಇಂಚು ಅಗಲ, 18 ಇಂಚು ಉದ್ದದ ಪ್ಯಾರಾಚೂಟ್ ಕೋಣೆಗೆ 1.4 ಗ್ರಾಂ ಮದ್ದು ಸಾಕಾಗುತ್ತದೆ, ಮುಂದಿನ ಬಳೆಯ ಅಂಟಿನಲ್ಲಿ ಸೋರಿಕೆ ಇಲ್ಲದಿದ್ದರೆ. ಮದ್ದು ಸಿಡಿಯುವ ಹೊತ್ತನ್ನು ನಿರ್ಧರಿಸುವುದು ಡಿಲೇ, ಅಂದರೆ ಇಂಧನ ಮುಗಿದ ಮೇಲೂ ನಿಧಾನವಾಗಿ ಉರಿದು ಮದ್ದಿಗೆ ಬೆಂಕಿ ಮುಟ್ಟಿಸುವ ತುಂಡು. 14 ಸೆಕೆಂಡಿನ ಡಿಲೇ ಇದ್ದು, ನಿಮಗೆ ಬೇಕಾದ್ದು 8 ಅಂದರೆ, ಮೋಟರ್ ತಯಾರಕರ ಉಪಕರಣದಿಂದ 6 ಸೆಕೆಂಡಿನಷ್ಟು ಕೊರೆದು ತೆಗೆಯಬೇಕು. ಶಿಖರ ಮುಟ್ಟಿ 3 ಸೆಕೆಂಡ್ ತಡವಾಯಿತು ಅಂದರೆ ರಾಕೆಟ್ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಬೀಳುತ್ತಿರುತ್ತದೆ. ಆಗ ಪ್ಯಾರಾಚೂಟ್ ಬಿಚ್ಚಿದರೆ ಪಟ್ಟಿ ರಟ್ಟಿನ ಅಂಚನ್ನು ಗರಗಸದಂತೆ ಸೀಳುತ್ತದೆ.

ಮೈದಾನದಲ್ಲಿ ಮೋಟರಿಗೆ ಬೆಂಕಿ ಹೊತ್ತಿಸುವ ಇಗ್ನೈಟರ್ ತೂರಿಸುವುದು ರಾಕೆಟ್ ಹಳಿಯ ಮೇಲೆ ನಿಂತ ನಂತರ, ಇಂಧನದ ಮೇಲ್ತುದಿ ಮುಟ್ಟುವ ತನಕ. ಗುಂಡಿ ಒತ್ತುವಾಗ 100 ಅಡಿ ದೂರ. ಹೊತ್ತಲಿಲ್ಲವೇ, 60 ಸೆಕೆಂಡ್ ಯಾರೂ ಹತ್ತಿರ ಹೋಗಬಾರದು. ಇಳಿದ ಮೇಲೆ ಏನನ್ನೂ ಬಿಚ್ಚದೆ, ಬಿದ್ದದ್ದನ್ನು ಬಿದ್ದ ಹಾಗೆ ಪರೀಕ್ಷಕರ ಮೇಜಿಗೆ ತನ್ನಿ. ಮೋಟರ್ ಕವಚ ದಾರಿಯಲ್ಲಿ ಕಳಚಿ ಬಿದ್ದಿದ್ದರೆ ಪ್ಯಾರಾಚೂಟ್ ಎಷ್ಟು ಚೆನ್ನಾಗಿ ಬಿಚ್ಚಿದ್ದರೂ ಫೇಲು. ಅದಕ್ಕೇ ಅವರು ರಾಕೆಟ್ಟನ್ನು ತಿರುಗಿಸಿ ಮೊದಲು ಹಿಂಬದಿಯನ್ನೇ ನೋಡುತ್ತಾರೆ.