ಗಾಳಿ ಯಾವ ಕಡೆಗಿದೆ?

ನಮಸ್ಕಾರ. ಮೊದಲು ಆ ಫ್ಯಾನ್ ಸ್ವಲ್ಪ ಆರಿಸ್ತೀರಾ? ಸೆಖೆ ಇದೆ, ಗೊತ್ತು, ಒಂದೇ ನಿಮಿಷ. ಇದು ನೋಡಿ, ಹಳೇ ಕಾಲುಚೀಲ, ಒಳಗೆ ಒಲೆ ಬೂದಿ. ಹೀಗೆ ಮೆಲ್ಲಗೆ ಕೊಡವಿದರೆ ಬೂದಿ ಯಾವ ಕಡೆ ಹೋಯ್ತು? ಮುಂದಿನ ಸಾಲಿನವರ ಮೇಲೆ. ಕ್ಷಮಿಸಿ ಸರ್. ನೀವು ಆನೆಗಳಾಗಿದ್ದರೆ ನನ್ನ ವಾಸನೆ ಇಷ್ಟು ಹೊತ್ತಿಗೆ ಸಿಕ್ಕಿರುತ್ತಿತ್ತು, ನಾನು ಇಲ್ಲಿ ಮೈಕ್ ಹಿಡಿದು ನಿಂತಿರುತ್ತಿರಲಿಲ್ಲ.

ಈ ಕಾಲುಚೀಲದ ಪಾಠ ಆಗಿದ್ದು ಜಿಂಬಾಬ್ವೆಯ ಮಾನಾ ಪೂಲ್ಸ್‌ನಲ್ಲಿ, ಜಾಂಬೆಜಿ ನದಿಯ ದಂಡೆಯಲ್ಲಿ. ವನ್ಯಜೀವಿ ಸಪ್ತಾಹ ಬಂತು, ಸಫಾರಿ ಅನುಭವ ಹೇಳಿ ಅಂದರು. ಸಫಾರಿ ನಿಮಗೇನು ಹೊಸದಲ್ಲ. ಬಂಡೀಪುರದಲ್ಲಿ ಜೀಪಿನಿಂದ ಕಾಲು ಕೆಳಗಿಟ್ಟರೆ ಬೈಸಿಕೊಳ್ಳುತ್ತೇವೆ. ಅದು ಸರಿಯೇ, ನಮ್ಮ ಜನರನ್ನು ಇಳಿಯಲು ಬಿಟ್ಟರೆ ಹುಲಿಯೇ ಊರು ಬಿಡಬೇಕಾದೀತು. ಆದರೂ ನನ್ನದೊಂದು ಹಟ: ನೆಲಕ್ಕೆ ಕಾಲು ತಾಗದೆ ಕಾಡು ತಿಳಿಯುವುದಿಲ್ಲ. ಮಾನಾದಲ್ಲಿ ಪರ್ಮಿಟ್ ಪಡೆದರೆ ಗೈಡ್ ಇಲ್ಲದೆಯೂ ನಡೆಯಬಹುದು. ಸಿಂಹ, ಆನೆ, ಕಾಡೆಮ್ಮೆ ಎಲ್ಲ ಇರುವ ಜಾಗ ಅದು! ನಾನಂತೂ ಗೈಡ್ ಇಟ್ಟುಕೊಂಡೆ. ಹಟ ಬೇರೆ, ಹುಚ್ಚು ಬೇರೆ.

ಹೋಗುವಾಗ ಆದ ಒಂದು ಫಜೀತಿ ಹೇಳಲೇಬೇಕು. ಡಾಂಬರು ರಸ್ತೆ ಬಿಟ್ಟು ಗಂಟೆಗಟ್ಟಲೆ ಮಣ್ಣಿನ ದಾರಿ, ಹಲ್ಲು ಅಲುಗಾಡುವಷ್ಟು ಕುಲುಕಾಟ. ಗೇಟಿನಲ್ಲಿ ಕಾವಲುಗಾರ ಕೇಳಿದ್ದು ಬಂದೂಕು, ಮದ್ಯ ಯಾವುದನ್ನೂ ಅಲ್ಲ. ಕಿತ್ತಳೆ ಇದೆಯಾ? ಇಲ್ಲ ಅಂದೆ. ಹಿಂದೆ ಯಾರೋ ಆನೆಗಳಿಗೆ ಕಿತ್ತಳೆ ತಿನ್ನಿಸಿ ರುಚಿ ಹತ್ತಿಸಿದರಂತೆ, ಆಮೇಲೆ ಅವು ವಾಸನೆ ಹಿಡಿದು ಕಾರು, ಟೆಂಟು ಸೀಳತೊಡಗಿದವಂತೆ. ಅಷ್ಟರಲ್ಲಿ ನಮ್ಮವಳು ಮೆಲ್ಲಗೆ, "ರೀ, ಚಿತ್ರಾನ್ನಕ್ಕೆ ಅಂತ ಅಕ್ಕಿ ಚೀಲದಲ್ಲಿ ನಿಂಬೆಹಣ್ಣು ಇಟ್ಟಿದ್ದೀನಿ" ಅಂದಳು. ಅಲ್ಲೇ ರಸ್ತೆ ಬದಿಯಲ್ಲಿ ಚೀಲ ಸುರಿದು ಹುಡುಕಿದೆವು. ಆರು ಸಿಕ್ಕವು. ಆಮೇಲೆ ಉಪ್ಪಿನಕಾಯಿ ಬಾಟಲಿ. ಅದು ನಿಂಬೆಯೇ ಅಲ್ವಾ? ಕಾವಲುಗಾರ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದ. ಮೂರು ಸಲ ಸೀನಿದ. ಕಣ್ಣೊರೆಸಿಕೊಂಡು, ಇದನ್ನು ಯಾವ ಆನೆಯೂ ಮುಟ್ಟಲ್ಲ, ತಗೊಂಡು ಹೋಗಿ ಅಂತ ವಾಪಸ್ ಕೊಟ್ಟ.

ಶೋನಾ ಭಾಷೆಯಲ್ಲಿ ಮಾನಾ ಅಂದರೆ ನಾಲ್ಕು. ನದಿ ಹಿಂದೆ ಹರಿದು ಬಿಟ್ಟುಹೋದ ಪಾತ್ರದಲ್ಲಿ ನಾಲ್ಕು ದೊಡ್ಡ ಮಡುಗಳು ಉಳಿದಿವೆ. ಲಾಂಗ್ ಪೂಲ್ ಅನ್ನುವುದು ಸುಮಾರು 6 ಕಿಲೋಮೀಟರ್ ಉದ್ದ. ನೀರಾನೆ, ಮೊಸಳೆ ತುಂಬಿವೆ. ಆಚೆ ದಡ ಜಾಂಬಿಯಾ.

ಬೆಳಿಗ್ಗೆ ನಡೆಯುತ್ತಿದ್ದಾಗ ಗೈಡ್ ಕೈ ಎತ್ತಿದ. ಮೂವತ್ತು ಹೆಜ್ಜೆ ಮುಂದೆ ಒಂಟಿ ಸಲಗ. ಗೈಡ್ ಬೂದಿ ಕೊಡವಿದ, ಅದು ನಮ್ಮ ಕಡೆಗೇ ಬಂತು, ಸರಿ. ಹುತ್ತದ ಮರೆಯಲ್ಲಿ ಕೂತೆವು. ಸಲಗ ಸೊಂಡಿಲು ಚಾಚಿತು, ಕೊಂಬೆ ಎಟುಕಲಿಲ್ಲ. ಆಗ ಮುಂದಿನ ಎರಡೂ ಕಾಲು ಮೇಲೆತ್ತಿ ಹಿಂಗಾಲ ಮೇಲೆ ನಿಂತುಬಿಟ್ಟಿತು! ಹಿಂಗಾಲಿನ ಚರ್ಮದ ಸುಕ್ಕುಗಳೆಲ್ಲ ಬಿಗಿದು ನುಣ್ಣಗಾದವು. ಕೊಂಬೆ ಲಟಕ್ ಅಂತು, ಆನೆ ಇಳಿದಾಗ ನೆಲ ಅದುರಿದ್ದು ನನ್ನ ಕುಂಡೆಗೇ ತಿಳಿಯಿತು. ಇದನ್ನೇ ನಾನು ಹೇಳೋದು, ಜೀಪಿನ ಸೀಟಿಗೆ ಅದು ತಿಳಿಯಲ್ಲ. ಅಲ್ಲಿ ಬಾಸ್ವೆಲ್ ಅಂತ ಹೆಸರಿಟ್ಟ ಸಲಗ ಈ ವಿದ್ಯೆಗೇ ಪ್ರಸಿದ್ಧ. ಮಾನಾದ ಎಲ್ಲ ಆನೆಗಳಿಗೂ ಇದು ಬರಲ್ಲ.

ಆ ಮರದ ಹೆಸರು ಆನಾ ಮರ, ನಮ್ಮ ಜಾಲಿಯ ನೆಂಟ. ಉಲ್ಟಾ ಜಾತಿ: ಮಳೆಗಾಲದಲ್ಲಿ ಎಲೆ ಉದುರಿಸುತ್ತದೆ, ಊರೆಲ್ಲ ಒಣಗಿದಾಗ ಹಸಿರಾಗುತ್ತದೆ. ಕಾಯಿ ಸೀಮೆಹುಣಸೆ ತರಹ ಸುರುಳಿ. ಆನೆಗಳು ಬೇಸಿಗೆ ಕಳೆಯುವುದೇ ಇದನ್ನು ತಿಂದು. ಲದ್ದಿ ಬಿಡಿಸಿ ನೋಡಿದೆ, ಬೀಜಗಳು ಇಡಿಯಾಗಿ ಇದ್ದವು. ಹೌದ್ರೀ, ಕೈಯಲ್ಲೇ ಬಿಡಿಸಿದೆ. ನಗಬೇಡಿ.

ಚೀಟಿ ಬಂತು, ಐದು ನಿಮಿಷ ಅಂತೆ. ಹಾಗಾದರೆ ಬೇಗ ಬೇಗ. ಮಾನಾ 1984ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿ ಸೇರಿತು. ನದಿಯ ಮೇಲ್ಭಾಗದಲ್ಲಿ ಕರೀಬಾ ಅಣೆಕಟ್ಟು 1959ರಲ್ಲಿ ಮುಗಿದ ಮೇಲೆ ಮೊದಲಿನಂತೆ ಪ್ರವಾಹ ಬರುವುದಿಲ್ಲ, ನದಿ ಹೊಸ ಮಣ್ಣು ತಂದು ಹಾಕುವುದಿಲ್ಲ. ಕೆಳಗೆ ಮುಪಾಟಾ ಕಮರಿಯಲ್ಲಿ ಇನ್ನೊಂದು ಅಣೆಕಟ್ಟು ಕಟ್ಟುವ ಯೋಜನೆ ಇತ್ತು, ಜನ ವಿರೋಧಿಸಿದರು, ಅದು ನಿಂತಿತು. ಇದರ ಬಗ್ಗೆಯೇ ಅರ್ಧ ಗಂಟೆ ಮಾತಾಡೋಣ ಅಂತ ಬಂದಿದ್ದೆ, ಆದರೆ ನಿಂಬೆಹಣ್ಣು ಟೈಮ್ ತಿಂದುಬಿಟ್ಟಿತು. ಅಲ್ಲಿದ್ದ ಕಪ್ಪು ಘೇಂಡಾಮೃಗಗಳು ಕಳ್ಳಬೇಟೆಗೆ ಬಲಿಯಾದವು, ಉಳಿದ ಕೆಲವನ್ನು ಬೇರೆ ಕಡೆ ಸಾಗಿಸಿದರು.

ಹೋಗುವವರು ನೀಲಿ, ಕಪ್ಪು ಬಟ್ಟೆ ಹಾಕಬೇಡಿ, ರಕ್ತ ಹೀರುವ ತ್ಸೆತ್ಸೆ ನೊಣಕ್ಕೆ ಅವೆರಡು ಬಣ್ಣ ಅಂದರೆ ಪ್ರಾಣ. ನೊಣ ಹಿಡಿಯುವ ಬಲೆಗಳನ್ನೂ ಅದೇ ಬಣ್ಣದ ಬಟ್ಟೆಯಲ್ಲೇ ಮಾಡುತ್ತಾರೆ. ನಾನು ಜೀನ್ಸ್ ಹಾಕಿದ್ದೆ, ತೊಡೆ ತೋರಿಸುವ ಹಾಗಿಲ್ಲ ಇಲ್ಲಿ.

ಹಿಂದಿನ ಸಾಲಿನವರು ಆಗಿನಿಂದ ಕೈ ತೋರಿಸ್ತಿದ್ದೀರಿ, ಪ್ರಶ್ನೆ ಇದೆಯಾ? ಓಹ್, ಫ್ಯಾನಾ! ಹಾಕಿ, ಹಾಕಿ. ಒಂದು ನಿಮಿಷ ತಾಳಿ, ಈ ಬೂದಿ ಚೀಲ ಕಟ್ಟಿಬಿಡ್ತೀನಿ.