ಬಿಚ್ಚಲು ಬರುವಂತೆ ಹೊಲಿಯಿರಿ

ಕೇಳುಗರಿಗೆ ನಮಸ್ಕಾರ.

ಇವತ್ತಿನ ಮಾತು ಶಾಲೆಯ ಚಿತ್ರಕಲಾ ಶಿಕ್ಷಕರಿಗೆ, ಪ್ರದರ್ಶನಕ್ಕೆ ಮಕ್ಕಳನ್ನು ಸಜ್ಜುಮಾಡುವ ತಾಯಂದಿರಿಗೆ, ವಿನ್ಯಾಸ ಓದುತ್ತಿರುವ ಹುಡುಗ ಹುಡುಗಿಯರಿಗೆ. ಪರಿಸರ, ಕಲೆ, ಮಾನವೀಯ ಮೌಲ್ಯ ಅಂತ ನನಗೆ ಕೊಟ್ಟ ವಿಷಯ ಬಲು ದೊಡ್ಡದು. ಅದನ್ನು ಒಂದು ಕೌದಿಯ, ಅಂದರೆ ಹಳೆಯ ಬಟ್ಟೆ ಹೊಲಿದು ಮಾಡುವ ಹೊದಿಕೆಯ, ಅಳತೆಗೆ ಇಳಿಸಿಕೊಂಡಿದ್ದೇನೆ. ಹೇಳಬೇಕಾದದ್ದೂ ಒಂದೇ ಮಾತು: ಏನು ಮಾಡಿದರೂ ಮತ್ತೆ ಬಿಚ್ಚಲು ಬರುವಂತೆ ಮಾಡಿ.

‘ಕಸದಿಂದ ರಸ’ ಪ್ರದರ್ಶನಗಳನ್ನು ನೀವೆಲ್ಲ ನೋಡಿದ್ದೀರಿ. ನೀರಿನ ಬಾಟಲಿಯನ್ನು ಅರ್ಧಕ್ಕೆ ಕತ್ತರಿಸುತ್ತಾರೆ. ಅದಕ್ಕೆ ಥರ್ಮಾಕೋಲ್ ಅಂಟಿಸುತ್ತಾರೆ, ಗ್ಲೂ ಗನ್ ಹಿಡಿದು ಮಣಿ ಕೂರಿಸುತ್ತಾರೆ, ಮೇಲೆ ಗ್ಲಿಟರ್ ಉದುರಿಸುತ್ತಾರೆ. ಹೂದಾನಿ ತಯಾರು, ಬಹುಮಾನವೂ ಬಂತು. ಆಮೇಲೆ? ಧೂಳು ಹಿಡಿದು ಅಟ್ಟಕ್ಕೆ, ಅಟ್ಟದಿಂದ ತಿಪ್ಪೆಗೆ. ಖಾಲಿ ಬಾಟಲಿ ಆಗಿದ್ದಾಗ ಗುಜರಿಯವನು ಅದನ್ನು ತೂಕಕ್ಕೆ ಹಾಕಿಕೊಳ್ಳುತ್ತಿದ್ದ. ಹೂದಾನಿ ಆದಮೇಲೆ ಅವನು ಮುಟ್ಟುವುದಿಲ್ಲ, ಯಾಕೆಂದರೆ ಅಂಟಿಸಿದ್ದನ್ನೆಲ್ಲ ಕಿತ್ತು ಬೇರೆ ಮಾಡುವ ಕೂಲಿ ಪ್ಲಾಸ್ಟಿಕ್ಕಿನ ಬೆಲೆಗಿಂತ ಹೆಚ್ಚು. ಮರುಬಳಕೆ ಆಗಬಹುದಾಗಿದ್ದ ವಸ್ತುವನ್ನು ಅಂಟು ಹಾಕಿ ಶಾಶ್ವತ ಕಸ ಮಾಡಿದಂತಾಯಿತು. ದಯವಿಟ್ಟು ಇದನ್ನು ಪರಿಸರ ಪಾಠ ಅಂತ ಕರೆಯಬೇಡಿ. ಮಕ್ಕಳಿಗೆ ನಾವೇ ತಪ್ಪು ಹೇಳಿಕೊಟ್ಟಂತೆ ಆಗುತ್ತದೆ.

ಈಗ ಕೌದಿ ನೋಡಿ. ಹಳೆಯ ಸೀರೆ, ಧೋತರ, ಅಂಗಿ, ಪೆಟಿಕೋಟು. ಪದರದ ಮೇಲೆ ಪದರ ಹಾಸಿ, ಮೇಲೆ ತುಂಡುಗಳನ್ನು ಇಟ್ಟು, ಉದ್ದಕ್ಕೂ ಎಳೆ ಎಳೆಯಾಗಿ ಹೊಲಿದದ್ದು. ಎಲ್ಲೂ ಅಂಟಿಲ್ಲ. ಮೇಲಿನ ತುಂಡು ಹರಿದರೆ ಅದರ ಮೇಲೊಂದು ತೇಪೆ. ಪೂರ್ತಿ ಜೀರ್ಣವಾದರೆ ದಾರ ಎಳೆದು ಬಿಚ್ಚಬಹುದು, ಇಲ್ಲವೇ ಹಾಗೇ ಹೊಸ ಕೌದಿಯ ಹೊಟ್ಟೆಯೊಳಗೆ ಹಾಕಬಹುದು. ಧಾರವಾಡ, ಬಾಗಲಕೋಟೆ, ವಿಜಯಪುರ ಕಡೆಯ ಹಳೆಯ ಕೌದಿಯ ಅಂಚು ಬಿಚ್ಚಿದರೆ ಒಳಗೆ ಅದಕ್ಕಿಂತ ಹಳೆಯ ಇನ್ನೊಂದು ಕೌದಿ ಸಿಕ್ಕರೆ ಆಶ್ಚರ್ಯಪಡಬೇಡಿ.

ಇಲ್ಲಿ ಸಿದ್ದಿಯರ ಕವಂದಿಯ, ಅಂದರೆ ಅವರ ಕೌದಿಯ ಬಗ್ಗೆ ಹೇಳಲೇಬೇಕು. ಸ್ವಲ್ಪ ಉದ್ದವಾದರೂ ಕೇಳಿ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನ ಊರುಗಳಲ್ಲಿ ಸಿದ್ದಿ ಜನ ಇದ್ದಾರೆ. ಅವರ ಪೂರ್ವಿಕರು ಆಫ್ರಿಕಾದಿಂದ ಬಂದವರು. ಎಷ್ಟೋ ಜನರನ್ನು ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವೆಗೆ ತಂದಿದ್ದರು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರೂ ಅವರಲ್ಲಿದ್ದಾರೆ. ಇವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಮೂರೂ ಮನೆಗಳ ಹೆಂಗಸರು ಕವಂದಿ ಹೊಲಿಯುತ್ತಾರೆ. ಅರ್ಧಚಂದ್ರವೋ ಶಿಲುಬೆಯೋ ಬಟ್ಟೆಯ ತುಂಡಿನಲ್ಲಿ ಮೂಡಿರುವುದನ್ನು ಕಂಡು ಅದು ಯಾವ ಮನೆಯದು ಅಂತ ಹೇಳಬಹುದು, ಹೊಲಿಗೆಯ ಕ್ರಮ ಮಾತ್ರ ಎಲ್ಲರದ್ದೂ ಒಂದೇ.

ಆ ಕ್ರಮ ಗಮನಿಸಿ. ಹಳೆಯ ಸೀರೆಯೊಂದನ್ನು ನೆಲಕ್ಕೆ ಹಾಸಿ ಒಂದು ಮೂಲೆಯಿಂದ ಶುರು. ತುಂಡೊಂದನ್ನು ಇಟ್ಟು, ಅದರ ಅಂಚು ಮಡಚಿ ಹೊಲಿದು, ಪಕ್ಕಕ್ಕೆ ಇನ್ನೊಂದು. ಹೀಗೇ ನಾಲ್ಕೂ ಅಂಚು ಸುತ್ತಿ, ಒಳಸುತ್ತಿಗೆ ಬಂದು, ಸುತ್ತುತ್ತಾ ಸುತ್ತುತ್ತಾ ನಡುಮಧ್ಯಕ್ಕೆ ಬಂದು ಮುಗಿಸುತ್ತಾರೆ. ಮೊದಲೇ ಬರೆದ ನಕ್ಷೆ ಇರುವುದಿಲ್ಲ. ಕೈಗೆ ಸಿಕ್ಕ ತುಂಡಿನ ಬಣ್ಣ ನೋಡಿ, ಪಕ್ಕದ ತುಂಡು ನೋಡಿ, ಅಲ್ಲಲ್ಲೇ ತೀರ್ಮಾನ. ನಾಲ್ಕು ಮೂಲೆಗೆ ‘ಫೂಲಾ’ ಅಂತ ಇಡುತ್ತಾರೆ, ಪದರ ಪದರವಾಗಿ ಮಡಚಿದ ತ್ರಿಕೋನದ ಹೂವು. ಅದಿಲ್ಲದಿದ್ದರೆ ಕವಂದಿ ಬತ್ತಲೆ ಅನ್ನುತ್ತಾರೆ ಅವರು. ಕೂಸುಗಳಿಗೆ ಮಾಡುವ ಪುಟ್ಟ ಕವಂದಿಯಲ್ಲಿ ಢಾಳು ಬಣ್ಣದ ಸಣ್ಣ ಸಣ್ಣ ತುಂಡುಗಳು ಹೆಚ್ಚು. ಇನ್ನೂ ಒಂದು ಮಾತು ನನಗೆ ಬಲು ಇಷ್ಟ: ಕೊನೆಯ ಹೊಲಿಗೆ ಹಾಕುವ ಮೊದಲು ಕೆಲವರು ನಾಲ್ಕು ಕಾಳು ಅಕ್ಕಿಯನ್ನು ಒಳಗೆ ಹಾಕುತ್ತಾರೆ. ಕವಂದಿಯ ಹೊಟ್ಟೆ ಖಾಲಿ ಇರಬಾರದು, ಅದಕ್ಕೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇವುಗಳ ಬಗ್ಗೆ ಅಧ್ಯಯನ ಮಾಡಿ ಬರೆದರು, ಈ ಕವಂದಿಗಳು ಅಮೆರಿಕದ ಪ್ರದರ್ಶನಾಲಯಗಳಿಗೂ ಹೋದವು. ಅಲ್ಲಿ ಗೋಡೆಗೆ ತೂಗುಹಾಕಿ ಕಲೆ ಅಂದರು. ಸರಿಯೇ. ಆದರೆ ಅದನ್ನು ಹೊದ್ದು ಮಲಗುವ ಮಗುವಿಗೂ ಅದು ಕಲೆಯೇ, ಒಗೆಯಲೂ ಬರುತ್ತದೆ, ತೇಪೆ ಹಚ್ಚಲೂ ಬರುತ್ತದೆ.

ಕಥೆಗೆ ಹೆಚ್ಚು ಹೊತ್ತು ಹೋಯಿತು. ಶಾಲೆಯಲ್ಲಿ ಮಾಡುವ ಬಗೆಗೆ ಬರುತ್ತೇನೆ. ಪೆನ್ನು ಹತ್ತಿರ ಇದ್ದರೆ ಬರೆದುಕೊಳ್ಳಿ.

ಒಂದು ಹಳೆಯ ಹತ್ತಿ ಸೀರೆ ಸಾಕು. ಸೀರೆ ಸುಮಾರು ಐದೂವರೆ ಮೀಟರ್ ಉದ್ದ, 115 ಸೆಂಟಿಮೀಟರ್ ಅಗಲ ಇರುತ್ತದೆ. ಅದನ್ನು ಉದ್ದದಲ್ಲಿ ಮೂರು ಪಾಲು ಮಾಡಿ. ಒಬ್ಬರು ಹೊದೆಯುವಷ್ಟು, ಅಂದರೆ 180ಕ್ಕೆ 115 ಸೆಂಟಿಮೀಟರಿನ ಮೂರು ಪದರ ಸಿಕ್ಕಿತು. ಮೇಲೆ ತುಂಡುಗಳದ್ದು ನಾಲ್ಕನೆಯ ಪದರ. ದೊಡ್ಡವರು ಆರು, ಏಳು ಪದರ ಹೊಲಿಯುತ್ತಾರೆ. ಮಕ್ಕಳ ಬೆರಳಿಗೆ ನಾಲ್ಕರ ಮೇಲೆ ಬೇಡ, ಸೂಜಿ ಹೊರಬರುವುದಿಲ್ಲ.

ತುಂಡುಗಳನ್ನು 15 ಸೆಂಟಿಮೀಟರ್ ಚೌಕ ಕತ್ತರಿಸಿ. ಒಂದು ಸೆಂಟಿಮೀಟರ್ ಮಡಚಲು, ಒಂದು ಸೆಂಟಿಮೀಟರ್ ಪಕ್ಕದ ತುಂಡಿನ ಕೆಳಗೆ ಹೋಗಲು. ಉಳಿಯುವುದು 13. ಉದ್ದಕ್ಕೆ 14, ಅಗಲಕ್ಕೆ 9, ಒಟ್ಟು 126 ತುಂಡು. ಅಂಚಿನಲ್ಲಿ ಒಂದೆರಡು ಸೆಂಟಿಮೀಟರ್ ಹೆಚ್ಚು ಬಂದರೆ ಹಿಂದಕ್ಕೆ ಮಡಚಿ ಹೊಲಿಯಿರಿ. ತರಗತಿಯಲ್ಲಿ 42 ಮಕ್ಕಳಿದ್ದರೆ ತಲೆಗೆ ಮೂರು ತುಂಡು. ಮನೆಯಿಂದ ಬಟ್ಟೆ ತರಲಿ, ಆದರೆ ಕತ್ತರಿಸುವುದು ಶಾಲೆಯಲ್ಲೇ, ಎಲ್ಲವೂ ಒಂದೇ ಅಳತೆಗೆ. ಯಾರ ಮನೆಯಿಂದ ರೇಷ್ಮೆಯಂಥ ಬಟ್ಟೆ ಬಂತು, ಯಾರ ಮನೆಯಿಂದ ಹರಕು ಬಂತು ಅಂತ ಮಗು ತಲೆತಗ್ಗಿಸುವ ಪ್ರಸಂಗ ಬರಬಾರದು. ಹೊಸ ಬಟ್ಟೆ ಕೊಂಡು ತರುವುದು ಬೇಡ, ಇದನ್ನು ತಾಯಂದಿರಿಗೆ ಮೊದಲೇ ಖಡಾಖಂಡಿತ ಹೇಳಿಬಿಡಿ. ಇಲ್ಲದಿದ್ದರೆ ಅಂಗಡಿಗೆ ಓಡುತ್ತಾರೆ.

ತುಂಡು ಆರಿಸುವಲ್ಲೇ ಹೆಚ್ಚಿನ ಕೌದಿ ಕೆಡುವುದು. ಪಾಲಿಯೆಸ್ಟರ್ ಮತ್ತು ಹತ್ತಿ ಬೆರೆಸಬೇಡಿ. ಹತ್ತಿ ಒಗೆದಾಗ ಕುಗ್ಗುತ್ತದೆ, ಪಾಲಿಯೆಸ್ಟರ್ ಕುಗ್ಗುವುದಿಲ್ಲ. ಎರಡನೇ ಒಗೆತಕ್ಕೆ ಕೌದಿ ಗಂಟುಗಂಟಾಗಿ ಸುಕ್ಕು ಹಿಡಿಯುತ್ತದೆ. ಹಳೆಯ ಯೂನಿಫಾರ್ಮ್ ಬಹುತೇಕ ಟೆರಿಕಾಟ್, ಅಂದರೆ ಪಾಲಿಯೆಸ್ಟರ್ ಬೆರೆತ ಬಟ್ಟೆ, ಅದು ಹತ್ತಿಯ ಜೊತೆ ಕೂಡದು. ಅನುಮಾನ ಬಂದರೆ ಶಿಕ್ಷಕರೇ ಎರಡು ಎಳೆ ಕಿತ್ತು ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ. ಹತ್ತಿ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಬಣ್ಣ ಬಿಡುತ್ತದೋ ಅಂತಲೂ ನೋಡಿ: ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ, ಕಲೆ ಹತ್ತಿದರೆ ಆ ತುಂಡು ಬೇಡ. ಉಪ್ಪು ನೀರಲ್ಲಿ ನೆನೆಸಿದರೆ ನಿಲ್ಲುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಈಗಿನ ಬಣ್ಣಗಳಿಗೆ ಅದನ್ನು ನಂಬಬೇಡಿ. ಆರಿಸಿದ್ದನ್ನೆಲ್ಲ ಒಮ್ಮೆ ಬಿಸಿನೀರಲ್ಲಿ ಒಗೆದು ಒಣಗಿಸಿದ ಮೇಲೆಯೇ ಕತ್ತರಿ.

ಇನ್ನು ದಾರ. ಇಲ್ಲಿ ಎಲ್ಲರೂ ಎಡವುತ್ತಾರೆ, ಗಟ್ಟಿ ಇರಲಿ ಅಂತ ನೈಲಾನ್ ದಾರ ತರುತ್ತಾರೆ. ನೈಲಾನ್ ಹರಿಯುವುದಿಲ್ಲ, ಅದೇ ತೊಂದರೆ. ಜೀರ್ಣವಾದ ಬಟ್ಟೆಯನ್ನು ಎಳೆದಾಗ ಗಟ್ಟಿ ದಾರ ಬಟ್ಟೆಯನ್ನೇ ಸೀಳುತ್ತದೆ. ಹತ್ತಿ ದಾರವಾದರೆ ಮೊದಲು ದಾರ ಸವೆಯುತ್ತದೆ, ಬಟ್ಟೆ ಉಳಿಯುತ್ತದೆ. ಹರಿದ ದಾರವನ್ನು ಮತ್ತೆ ಹೊಲಿಯಬಹುದು, ಸೀಳಿದ ಬಟ್ಟೆಯನ್ನು ಏನು ಮಾಡುತ್ತೀರಿ? ಆದ್ದರಿಂದ ದಪ್ಪ ಹತ್ತಿ ದಾರ, ಎರಡೆಳೆ. ಬಿಳಿಯೇ ಇರಲಿ, ಬಿಚ್ಚುವಾಗ ಕಣ್ಣಿಗೆ ಕಾಣಬೇಕು. ಒಂದು ಸಲಕ್ಕೆ ಒಂದು ಮೊಳಕ್ಕಿಂತ ಸ್ವಲ್ಪ ಉದ್ದ ಮಾತ್ರ ಪೋಣಿಸಿ, ಉದ್ದವಾದರೆ ಗಂಟು ಬೀಳುತ್ತದೆ, ಸವೆಯುತ್ತದೆ. ದಾರ ಮುಗಿದ ಕಡೆ ಅಲ್ಲೇ ಎರಡು ಸಲ ಹಿಂದಕ್ಕೆ ಹೊಲಿದು ನಿಲ್ಲಿಸಿ. ಹಾಗೆ ಮಾಡಿದರೆ ಮುಂದೆ ಎಲ್ಲಾದರೂ ದಾರ ಕಡಿದರೆ ಅಷ್ಟೇ ಉದ್ದ ಬಿಚ್ಚುತ್ತದೆ, ಸಾಲಿಗೆ ಸಾಲೇ ಬಿಡುವುದಿಲ್ಲ.

ಹೊಲಿಯುವ ಮೊದಲು ಮೂರೂ ಪದರ ಹಾಸಿ, ಕೈಯಿಂದ ಸವರಿ ಸುಕ್ಕು ತೆಗೆದು, ನಡುವಿನಿಂದ ಅಂಚಿಗೆ ಗೇಣಿಗೊಂದು ಸಾಲು ಕಚ್ಚಾ ಹೊಲಿಗೆ ಹಾಕಿ. ಸಿದ್ದಿ ಹೆಂಗಸರಿಗೆ ಇದು ಬೇಕಾಗದಿರಬಹುದು, ಅವರ ಕೈ ಪಳಗಿದೆ. ಮಕ್ಕಳು ಇದನ್ನು ಬಿಟ್ಟು ಅಂಚಿನಿಂದ ಒಳಗೆ ಬಂದರೆ ಉಳಿದ ಸಡಿಲೆಲ್ಲ ನಡುವಿಗೆ ನೂಕಿಕೊಂಡು ಬಂದು ಉಬ್ಬುತ್ತದೆ, ಆಮೇಲೆ ಏನು ಮಾಡಿದರೂ ಕೂರುವುದಿಲ್ಲ. ಕಚ್ಚಾ ಹಾಕಿದ ಮೇಲೆ ಎಂಟು ಮಕ್ಕಳು ಸುತ್ತ ಕೂತು ಅಂಚಿನಿಂದ ತುಂಡು ಇಟ್ಟು ಹೊಲಿಯಲು ಶುರುಮಾಡಲಿ. ಹೊಲಿಗೆ ಅಕ್ಕಿ ಕಾಳಿನಷ್ಟು, ಸಾಲಿನಿಂದ ಸಾಲಿಗೆ ಒಂದೂವರೆ ಸೆಂಟಿಮೀಟರ್. ಇದಕ್ಕಿಂತ ಅಗಲ ಬಿಟ್ಟರೆ ಒಗೆದಾಗ ಒಳಪದರ ಜಾರಿ ಮುದ್ದೆಯಾಗುತ್ತದೆ. ಎಲ್ಲ ಮುಗಿದ ಮೇಲೆ ಕಚ್ಚಾ ದಾರ ಎಳೆದುಬಿಡಿ.

ಈಗ ಲೆಕ್ಕದ ಮೇಷ್ಟ್ರನ್ನೂ ಕರೆಯಿರಿ. ಈ ಅಳತೆಯ ಕೌದಿಯಲ್ಲಿ ಹೊಲಿಗೆಯ ಸಾಲುಗಳನ್ನೆಲ್ಲ ಜೋಡಿಸಿದರೆ ಸುಮಾರು 138 ಮೀಟರ್. ಸೆಂಟಿಮೀಟರಿಗೆ ಒಂದು ಹೊಲಿಗೆ ಅಂದರೆ 13,800 ಹೊಲಿಗೆ. ಎರಡೆಳೆ ದಾರ ಸುಮಾರು 350 ಮೀಟರ್ ಬೇಕು. ಗಡಿಯಾರ ಇಟ್ಟು ಒಬ್ಬೊಬ್ಬ ಮಗುವೂ ಒಂದು ಮೀಟರ್ ಹೊಲಿಯಲಿ. ಮೀಟರಿಗೆ 12 ನಿಮಿಷ ಹಿಡಿದರೆ ಒಟ್ಟು 27 ಗಂಟೆಗೂ ಹೆಚ್ಚು, ಕತ್ತರಿಸಿದ್ದು, ಜೋಡಿಸಿದ್ದು ಬೇರೆ. ಆ ಗಂಟೆಗಳಿಗೆ ನಿಮ್ಮೂರಿನ ದಿನಗೂಲಿಯ ದರ ಹಾಕಿ ಬೋರ್ಡಿನ ಮೇಲೆ ಬರೆಯಿರಿ. ಊರೂರು ತಿರುಗಿ ಕೌದಿ ಹೊಲಿದುಕೊಡುವ ಗೊಂದಳಿ ಹೆಣ್ಣುಮಕ್ಕಳ ಹತ್ತಿರ ನಾವು ಐವತ್ತು ರೂಪಾಯಿಗೆ ಚೌಕಾಸಿ ಮಾಡುತ್ತೇವಲ್ಲ, ಆ ಬೋರ್ಡು ನೋಡಿದ ಮಗು ಹಾಗೆ ಮಾಡುವುದಿಲ್ಲ. ದುಡಿಮೆಗೆ ಬೆಲೆ ಕೊಡಿ ಅಂತ ಭಾಷಣ ಮಾಡುವ ಅಗತ್ಯವೇ ಬೀಳುವುದಿಲ್ಲ.

ಹೊತ್ತು ಮೀರುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ನೋಟ್‌ಬುಕ್ಕಿನಲ್ಲಿ 126 ಚೌಕಗಳ ನಕ್ಷೆ ಬರೆದು ಯಾವ ತುಂಡು ಯಾರ ಬಟ್ಟೆಯದು ಅಂತ ತುಂಬಿಸಿ. ಹೇಳಲು ಇಷ್ಟವಿಲ್ಲದ ಮಗು ಖಾಲಿ ಬಿಡಲಿ, ಒತ್ತಾಯ ಬೇಡ. ತೀರಿಹೋದ ಅಜ್ಜಿಯ ಸೀರೆಯ ತುಂಡು ತಂದ ಮಗು ಇದ್ದರೆ ಅದನ್ನು ಎಲ್ಲಿ ಇಡಬೇಕೆಂದು ಆ ಮಗುವೇ ಹೇಳಲಿ. ಕೌದಿ ಯಾರಿಗೆ ಅನ್ನುವುದನ್ನು ಕತ್ತರಿ ಹಿಡಿಯುವ ಮೊದಲೇ ತೀರ್ಮಾನಿಸಿ, ಅಳತೆ ಅದರ ಮೇಲೆ ನಿಂತಿದೆ. ಅಂಗನವಾಡಿಯ ಕೂಸಿಗಾದರೆ ಇದರ ಅರ್ಧ ಸಾಕು. ಒಗೆದ ಕೌದಿಗೆ ನೀರಿನ ಭಾರ ಬಹಳ, ಒಂದೇ ತುದಿ ಹಿಡಿದು ಎತ್ತಿದರೆ ಹೊಲಿಗೆ ಕಿತ್ತುಬರುತ್ತದೆ. ಇಬ್ಬರು ಹಿಡಿದು ಹಿಂಡಿ, ಹಗ್ಗದ ಮೇಲೆ ಅಡ್ಡ ಹಾಕಿ, ಎರಡೂ ಮಗ್ಗುಲು ಬಿಸಿಲು ಕಾಣಲಿ. ಒಳಪದರ ಒಣಗದೆ ಮಡಚಿಟ್ಟರೆ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಈ ಕೆಲಸ ಹಿಡಿಯಬೇಡಿ, ದೀಪಾವಳಿ ಕಳೆದ ಮೇಲೆ ಶುರುಮಾಡಿ.

ಮುಗಿದ ಮೇಲೆ ಒಂದು ಪರೀಕ್ಷೆ ಮಾಡಿ. ಕೌದಿಯ ಒಂದು ತುಂಡನ್ನು ಮಗುವಿಗೆ ತೋರಿಸಿ, ಪಕ್ಕದ ತುಂಡಿಗೆ ಏನೂ ಆಗದಂತೆ ಬಿಚ್ಚಿ ತೆಗೆದು, ಬೇರೆ ತುಂಡು ಹಾಕು ಅನ್ನಿ. ಮಗು ಅದನ್ನು ಮಾಡಿದರೆ ಅಂಕ ಕೊಡಿ. ಪ್ರದರ್ಶನದ ತೀರ್ಪುಗಾರರಾಗಿ ಹೋದಾಗಲೂ ಮೇಜಿನ ಮೇಲಿನ ಪ್ರತಿಯೊಂದು ಮಾದರಿಗೂ ಇದೇ ಪ್ರಶ್ನೆ ಕೇಳಿ: ಇದನ್ನು ಬಿಚ್ಚಿ ತೋರಿಸು.

ನಮಸ್ಕಾರ.