ಮಹಾಬೋಧಿ ದೇಗುಲ: ಯಾವ ಭಾಗ ಯಾವ ಕಾಲದ್ದು?

ಬುದ್ಧನಿಗೆ ಜ್ಞಾನೋದಯವಾದ ಜಾಗ ಬಿಹಾರದ ಬೋಧಗಯೆ; ಅಲ್ಲಿನ ಮಹಾಬೋಧಿ ದೇಗುಲದ ಗೇಟಿನ ಹೊರಗೆ ಸಿಗುವ ಗೈಡ್‌ಗಳ ಮೊದಲ ಮಾತು ಒಂದೇ: ಈ ದೇವಸ್ಥಾನ ಕಟ್ಟಿಸಿದ್ದು ಅಶೋಕ. ಅರ್ಧ ನಿಜ. ಅಶೋಕ ಇಲ್ಲಿಗೆ ಬಂದಿದ್ದ, ಅದರಲ್ಲಿ ಅನುಮಾನವಿಲ್ಲ. ಪಟ್ಟಕ್ಕೆ ಬಂದು ಹತ್ತು ವರ್ಷವಾದ ಮೇಲೆ ಸಂಬೋಧಿಗೆ, ಅಂದರೆ ಬೋಧಗಯೆಗೆ, ಹೋಗಿದ್ದೆ ಅಂತ ತನ್ನ ಎಂಟನೇ ಬಂಡೆ ಶಾಸನದಲ್ಲಿ ತಾನೇ ಬರೆಸಿದ್ದಾನೆ. ಆದರೆ ಈಗ ಅಲ್ಲಿ ಕಾಣುತ್ತದಲ್ಲ, ಈ ಎತ್ತರದ ಇಟ್ಟಿಗೆ ಶಿಖರ, ಅದು ಅವನಿಗಿಂತ ಏಳೆಂಟು ಶತಮಾನ ಈಚಿನದು. ಮೇಲಿನ ಗಾರೆಯಂತೂ ಬಹುಪಾಲು 1880ರ ದಶಕದ್ದು. ತುದಿಯ ಚಿನ್ನದ ಹೊದಿಕೆ 2013ರದ್ದು, ಥಾಯ್ಲೆಂಡಿನ ಕೊಡುಗೆ. ಹಾಗಾಗಿ ಇಲ್ಲಿ ನಡೆಯುವಾಗ ಯಾವುದು ಯಾವ ಕಾಲದ್ದು ಅಂತ ಬಿಡಿಸಿ ನೋಡುತ್ತಾ ಹೋಗಬೇಕು. ಇಲ್ಲದಿದ್ದರೆ ಎಲ್ಲವೂ ಬರೀ "ಪುರಾತನ" ಆಗಿಬಿಡುತ್ತದೆ.

ಪ್ರವೇಶ ಪೂರ್ವದಿಂದ. ಮೆಟ್ಟಿಲು ಇಳಿದೇ ಹೋಗಬೇಕು, ಯಾಕಂದ್ರೆ ದೇಗುಲ ಸುತ್ತಲಿನ ನೆಲಕ್ಕಿಂತ ಸುಮಾರು 5 ಮೀಟರ್ ತಗ್ಗಿನಲ್ಲಿದೆ. ಗುಂಡಿ ತೋಡಿ ಕಟ್ಟಿದ್ದಲ್ಲ. ಶತಮಾನಗಳ ಇಟ್ಟಿಗೆಪುಡಿ, ಬಿದ್ದ ಸ್ತೂಪಗಳು, ಮಣ್ಣು ಸೇರಿ ಸುತ್ತಲ ನೆಲ ಏರಿತು; 19ನೇ ಶತಮಾನದಲ್ಲಿ ಅಗೆದು ತೆಗೆದಾಗ ಹಳೆಯ ಮಟ್ಟ ಸಿಕ್ಕಿತು. ಮೆಟ್ಟಿಲ ಮೇಲೇ ಒಂದು ಕ್ಷಣ ನಿಂತು ನೋಡಿ. ಶಿಖರದ ಪೂರ್ತಿ ಆಕಾರ ಇಷ್ಟು ಚೆನ್ನಾಗಿ ಕೆಳಗಿನಿಂದ ಕಾಣುವುದಿಲ್ಲ.

ಮೊದಲಿನ ಅಶೋಕನ ಕಟ್ಟಡ ಹೇಗಿತ್ತು? ಅದರ ಚಿತ್ರ ಬೋಧಗಯೆಯಲ್ಲಿ ಅಲ್ಲ, ಮಧ್ಯಪ್ರದೇಶದ ಭಾರ್ಹುತದ ಸ್ತೂಪದ ಒಂದು ಕೆತ್ತನೆಯಲ್ಲಿದೆ. ಆ ಕಲ್ಲು ಈಗ ಕೋಲ್ಕತ್ತದ ಇಂಡಿಯನ್ ಮ್ಯೂಸಿಯಂನಲ್ಲಿದೆ. ಅದರಲ್ಲಿ ನಡುವೆ ಅರಳಿಮರ, ಮರದ ಬುಡದಲ್ಲಿ ಆಸನ, ಸುತ್ತ ಕಂಬಗಳ ಮೇಲೆ ನಿಂತ ತೆರೆದ ಮೊಗಸಾಲೆ. ಇದು ಶಾಕ್ಯಮುನಿಯ ಬೋಧಿವೃಕ್ಷ ಅಂತ ಪಕ್ಕದಲ್ಲೇ ಬರಹವೂ ಇದೆ. ಗರ್ಭಗುಡಿಯಿಲ್ಲ, ಶಿಖರವಿಲ್ಲ, ಬುದ್ಧನ ಮೂರ್ತಿಯೂ ಇಲ್ಲ. ಆ ಕಾಲದಲ್ಲಿ ಪೂಜೆ ಮರಕ್ಕೆ ಮತ್ತು ಖಾಲಿ ಆಸನಕ್ಕೆ. ಮರದ ಮೇಲೆ ಮಾಡು ಹಾಕಲು ಆಗುವುದಿಲ್ಲವಲ್ಲ, ಅದಕ್ಕೇ ಕಟ್ಟಡ ಮರವನ್ನು ಬಳಸಿ ನಿಂತಿತ್ತು.

ಮುಂದೆ ಮೂರ್ತಿಪೂಜೆ ಬಂತು. ಮೂರ್ತಿಗೆ ಕೋಣೆ ಬೇಕು. ಬುದ್ಧ ಪೂರ್ವಕ್ಕೆ ಮುಖಮಾಡಿ, ಮರವನ್ನು ಬೆನ್ನಿಗಿಟ್ಟು ಕೂತಿದ್ದ ಅನ್ನುವುದು ಪರಂಪರೆ. ಆದ್ದರಿಂದ ಗುಡಿ ಮರದ ಪೂರ್ವಕ್ಕೆ ಎದ್ದಿತು, ಮರ ಗುಡಿಯ ಹಿಂದಕ್ಕೆ ಉಳಿಯಿತು. ಇವತ್ತಿಗೂ ಅದೇ ವ್ಯವಸ್ಥೆ: ಒಳಗಿನ ಮೂರ್ತಿ, ಅದರ ಹಿಂದೆ ಗೋಡೆ, ಗೋಡೆಯಾಚೆ ವಜ್ರಾಸನ (ಬುದ್ಧ ಕೂತಿದ್ದನೆಂಬ ಜಾಗದ ಕಲ್ಲಿನ ಆಸನ), ಅದಕ್ಕೆ ನೆರಳಾಗಿ ಮರ. ಈ ಸಾಲು ತಲೆಯಲ್ಲಿದ್ದರೆ ಇಡೀ ನಕ್ಷೆ ಅರ್ಥವಾದ ಹಾಗೆ.

ಈಗಿನ ಕಟ್ಟಡ ಕ್ರಿ.ಶ. 5-6ನೇ ಶತಮಾನದ್ದು, ಗುಪ್ತರ ಕೊನೆಗಾಲ. ಪೂರ್ತಿ ಇಟ್ಟಿಗೆಯಲ್ಲೇ ಕಟ್ಟಿ ಇನ್ನೂ ನಿಂತಿರುವ ಭಾರತದ ಅತಿ ಹಳೆಯ ದೇಗುಲಗಳಲ್ಲಿ ಇದೂ ಒಂದು. ಕೆಳಗಿನ ಚೌಕದ ಗೋಡೆಗಳು ಸುಮಾರು 11 ಮೀಟರ್. ಅದರ ಮೇಲೆ ಶಿಖರ ಸೇರಿದರೆ ಒಟ್ಟು ಎತ್ತರ 50 ಮೀಟರ್ ದಾಟುತ್ತದೆ. ಅಂಚುಗಳನ್ನು ಗಮನಿಸಿ. ಪಟ್ಟದಕಲ್ಲಿನ ಪಾಪನಾಥ ಗುಡಿಯ ಶಿಖರ ನೆನಪಿದ್ದರೆ, ಅದು ಮೇಲೇರುತ್ತಾ ಬಾಗುತ್ತದೆ. ಇಲ್ಲಿ ಬಾಗು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಅಂಚು ನೆಟ್ಟಗೆ ಓರೆಯಾಗಿ ಏರಿ ಆಮಲಕ (ನೆಲ್ಲಿಕಾಯಿಯಂತೆ ಗೆರೆಗಳಿರುವ ದುಂಡು ಕಲ್ಲು), ಕಲಶಕ್ಕೆ ಮುಟ್ಟುತ್ತದೆ. ಮೈಮೇಲೆ ಸಾಲುಸಾಲಾಗಿ ಗೂಡುಗಳು, ಕುದುರೆಲಾಳದ ಆಕಾರದ ಚೈತ್ಯ ಕಮಾನಿನ ಅಲಂಕಾರ. ತಳದ ಪಟ್ಟಿಯಲ್ಲಿ ಹಂಸಗಳ ಸಾಲು. ಕ್ರಿ.ಶ. 7ನೇ ಶತಮಾನದಲ್ಲಿ ಬಂದ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಬರೆದದ್ದೂ ಇಂಥದನ್ನೇ: ನೀಲಿ ಛಾಯೆಯ ಇಟ್ಟಿಗೆ, ಮೇಲೆ ಸುಣ್ಣದ ಗಾರೆ, ಗೂಡುಗಳಲ್ಲಿ ಬಂಗಾರದ ಮೂರ್ತಿಗಳು, ತುದಿಯಲ್ಲಿ ಚಿನ್ನದ ಲೇಪದ ತಾಮ್ರದ ಆಮಲಕ. ಅವನ ಲೆಕ್ಕದ ಎತ್ತರ 160 ಅಡಿಗಿಂತ ಹೆಚ್ಚು. ಅಂದರೆ ಅವನು ನೋಡಿದ್ದು ಈ ಗುಡಿಯನ್ನೇ.

ಶಿಖರ ಗಟ್ಟಿ ಗುಡ್ಡೆಯಲ್ಲ, ಒಳಗೆ ಟೊಳ್ಳು. ಗರ್ಭಗುಡಿಯ ಮೇಲೆ ಇನ್ನೊಂದು ಕೋಣೆಯಿದೆ, ಅಲ್ಲೂ ಬುದ್ಧನ ಮೂರ್ತಿಯಿದೆ. ಪಂಡಿತರು ಇನ್ನೂ ಜಗಳವಾಡುವ ಜಾಗ ಇಲ್ಲೇ ಇದೆ. ಪ್ರವೇಶದಲ್ಲೂ ಗರ್ಭಗುಡಿಯಲ್ಲೂ ನಿಜವಾದ ಕಮಾನು ಛಾವಣಿ ಇದೆ, ಅಂದರೆ ಇಟ್ಟಿಗೆಗಳನ್ನು ಕಮಾನಿನ ಕೇಂದ್ರಕ್ಕೆ ಮುಖಮಾಡಿ ಜೋಡಿಸಿದ್ದು. ನಮ್ಮ ಹಳೆಯ ಕಟ್ಟಡಗಳಲ್ಲಿ ಸಾಮಾನ್ಯವಾಗಿ ಕಾಣುವುದು ಬೇರೆ ವಿಧಾನ: ಒಂದು ವರಸೆಗಿಂತ ಮುಂದಿನ ವರಸೆಯನ್ನು ತುಸು ಒಳಕ್ಕೆ ಚಾಚುತ್ತಾ ಹೋಗಿ ಮೇಲೆ ಮುಚ್ಚುವುದು. ಹಾಗಾದರೆ ಈ ಕಮಾನು ಯಾರದ್ದು? ಮೂಲದ್ದೇ ಅಂತ ಕೆಲವರು. ಮಧ್ಯಯುಗದಲ್ಲಿ ದುರಸ್ತಿಗೆ ಬಂದ ಬರ್ಮಾದವರು ಸೇರಿಸಿದ್ದು ಅಂತ ಕೆಲವರು. ಬರ್ಮಾದ ಹಳೆಯ ರಾಜಧಾನಿ ಬಗಾನಿನ ಗುಡಿಗಳಲ್ಲಿ ಇಂಥ ಕಮಾನು ಧಾರಾಳವಾಗಿರುವುದರಿಂದ ಎರಡನೇ ವಾದ ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ಬಗಾನಿನಲ್ಲಿ 13ನೇ ಶತಮಾನದಲ್ಲಿ ಕಟ್ಟಿದ ಮಹಾಬೋಧಿಯ ಪ್ರತಿರೂಪವೇ ಒಂದಿದೆ.

ಇನ್ನು ಪ್ರದಕ್ಷಿಣೆ. ಗುಡಿ ಬಲಕ್ಕಿರಬೇಕು, ಹಾಗಾಗಿ ಮೊದಲು ದಕ್ಷಿಣಕ್ಕೆ ತಿರುಗಿ. ಕಲ್ಲಿನ ಕಟಕಟೆ ಎದುರಾಗುತ್ತದೆ. "ಅಶೋಕನ ಕಟಕಟೆ" ಅನ್ನುವ ಹೆಸರು ಎಲ್ಲರ ಬಾಯಲ್ಲೂ ಇದೆ, ಅದೂ ತಪ್ಪು. ಹಳೆಯ ಕಂಬಗಳು ಮರಳುಗಲ್ಲಿನವು, ಸುಮಾರು ಕ್ರಿ.ಪೂ. 150ರವು. ಕೆಲವು ಕಂಬಗಳ ಮೇಲೆ ರಾಜಮನೆತನದ ಕುರಂಗಿ ಎಂಬ ಮಹಿಳೆಯ ದಾನದ ಬರಹವಿದೆ. ಗಜಲಕ್ಷ್ಮಿಯನ್ನೂ ನಾಲ್ಕು ಕುದುರೆಯ ರಥದ ಸೂರ್ಯನನ್ನೂ ಹುಡುಕಿ. ಬೌದ್ಧ ಕ್ಷೇತ್ರದಲ್ಲಿ ಇವರೇಕೆ ಅಂತ ಗಾಬರಿಯಾಗಬೇಡಿ, ಆಗ ಎಲ್ಲರಿಗೂ ಸೇರಿದ ಶುಭಚಿಹ್ನೆಗಳವು. ಎರಡನೇ ಗುಂಪು ಒರಟು ಗ್ರಾನೈಟ್, ಗುಪ್ತರ ಕಾಲದ್ದು. ಪ್ರದಕ್ಷಿಣಪಥ ಅಗಲವಾದಾಗ ಹಳೆಯ ಕಂಬ ಸಾಲದೆ ಹೊಸದು ಸೇರಿತು. ಕಲ್ಲಿನ ಕಣ ನೋಡಿದರೆ ಬರಿಗಣ್ಣಿಗೇ ವ್ಯತ್ಯಾಸ ತಿಳಿಯುತ್ತದೆ. ಒಂದು ಎಚ್ಚರಿಕೆ: ಈಗ ಇಲ್ಲಿ ನಿಂತಿರುವ ಅನೇಕ ಕಂಬಗಳು ನಕಲು.

ಪಶ್ಚಿಮಕ್ಕೆ ಬಂದರೆ ವಜ್ರಾಸನ. ಹೊಳಪು ಕೊಟ್ಟ ಮರಳುಗಲ್ಲಿನ ಚಪ್ಪಡಿ, ಸುಮಾರು 8 ಅಡಿ ಉದ್ದ, ನಾಲ್ಕೂವರೆ ಅಡಿ ಅಗಲ. ಇಡೀ ಆವರಣದಲ್ಲಿ ಅಶೋಕನ ಕಾಲದ್ದು ಅಂತ ಧೈರ್ಯವಾಗಿ ಹೇಳಬಹುದಾದ ವಸ್ತು ಇದು. ಹೊಳಪು ಮೌರ್ಯರದ್ದು, ಅಂಚಿನ ಹಂಸಗಳ ಸಾಲೂ ಅಶೋಕನ ಸ್ತಂಭಗಳಲ್ಲಿ ಕಾಣುವಂಥದ್ದೇ. 19ನೇ ಶತಮಾನದ ಬ್ರಿಟಿಷ್ ಪುರಾತತ್ವಜ್ಞ ಅಲೆಕ್ಸಾಂಡರ್ ಕನಿಂಗ್‌ಹ್ಯಾಮ್ ಇಲ್ಲಿ ಅಗೆದಾಗ ಕುಷಾಣ ದೊರೆ ಹುವಿಷ್ಕನ ಚಿನ್ನದ ನಾಣ್ಯದ ಅಚ್ಚಿನ ಪದಕ ಸಿಕ್ಕಿತು. ಗುಪ್ತರಿಗಿಂತ ಮೊದಲೇ, ಕುಷಾಣರ ಕಾಲದಲ್ಲೂ ಇಲ್ಲಿ ಕೆಲಸ ನಡೆದಿತ್ತು ಅನ್ನುವುದಕ್ಕೆ ಅದು ಸುಳಿವು.

ಮರ ಮಾತ್ರ ಬುದ್ಧನ ಕಾಲದ್ದಲ್ಲ, ಆಗಿರಲು ಸಾಧ್ಯವೂ ಇಲ್ಲ. ಗೌಡದ (ಬಂಗಾಳದ) ದೊರೆ ಶಶಾಂಕ ಅದನ್ನು ಕಡಿಸಿದ, ಮಗಧದ ದೊರೆ ಪೂರ್ಣವರ್ಮ ಮತ್ತೆ ಚಿಗುರಿಸಿದ ಅಂತ ಹ್ಯೂಯೆನ್ ತ್ಸಾಂಗ್ ಬರೆದಿದ್ದಾನೆ. 1876ರ ಬಿರುಗಾಳಿಗೆ ಮುದಿಮರ ಉರುಳಿತು. ಈಗಿರುವುದು 1881ರಲ್ಲಿ ಕನಿಂಗ್‌ಹ್ಯಾಮ್ ನೆಡಿಸಿದ್ದು. ಶ್ರೀಲಂಕಾದ ಅನುರಾಧಪುರದಿಂದ ಸಸಿ ತಂದರು ಅನ್ನುವ ಮಾತು ಚೆನ್ನಾಗಿದೆ, ಆದರೆ ಕನಿಂಗ್‌ಹ್ಯಾಮ್ ಹೇಳುವುದು ಹಳೆಯ ಮರದ್ದೇ ಸಸಿ ಅಂತ. ಕೊಂಬೆಗಳ ಕೆಳಗೆ ಕಬ್ಬಿಣದ ಊರುಗೋಲು ಕಾಣುತ್ತವೆ. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯವರು ಬಂದು ಮರದ ಆರೋಗ್ಯ ನೋಡುತ್ತಾರೆ. ಬುಡದ ಸುತ್ತ ಸಿಮೆಂಟ್ ಬಿದ್ದರೆ ಬೇರಿಗೆ ಗಾಳಿ-ನೀರು ಸಿಗದು, ದೀಪದ ಹೊಗೆ ಎಲೆಗೆ ಆಗದು. ಅದಕ್ಕೇ ತುಪ್ಪದ ದೀಪಕ್ಕೆ ದೂರದಲ್ಲಿ ಪ್ರತ್ಯೇಕ ಮನೆಗಳಿವೆ. ಇಟ್ಟಿಗೆ ಕಟ್ಟಡಕ್ಕೆ ಅರಳಿಯಷ್ಟು ಕೆಟ್ಟ ನೆರೆ ಇನ್ನೊಂದಿಲ್ಲ ಅನ್ನುವುದನ್ನೂ ಹೇಳಬೇಕು. ಗಾರೆಯಲ್ಲಿ ಬಿರುಕು ಬಿಟ್ಟರೆ ನೀರು ಇಳಿಯುತ್ತದೆ, ಹಕ್ಕಿ ಹಾಕಿದ ಬೀಜ ಮೊಳೆಯುತ್ತದೆ, ಬೇರು ಸಂದಿಗೆ ಹೊಕ್ಕು ಇಟ್ಟಿಗೆ ಸರಿಸುತ್ತದೆ. ಇಲ್ಲಿ ಮರವೂ ಉಳಿಯಬೇಕು, ಗೋಡೆಯೂ ಉಳಿಯಬೇಕು.

ಉತ್ತರದ ಗೋಡೆಯುದ್ದಕ್ಕೂ ಕಲ್ಲಿನ ತಾವರೆಗಳ ಸಾಲು, ಅದು ಚಂಕ್ರಮಣ, ಜ್ಞಾನೋದಯದ ನಂತರ ಬುದ್ಧ ನಡೆದಾಡಿದನೆಂಬ ಜಾಗ. ಜ್ಞಾನೋದಯದ ನಂತರ ಬುದ್ಧ ಏಳು ವಾರ ಇಲ್ಲೇ ಒಂದೊಂದು ಕಡೆ ಕಳೆದ ಅನ್ನುವುದು ಪರಂಪರೆ; ಉಳಿದ ವಾರಗಳ ಸ್ಥಳಗಳಿಗೆಲ್ಲ ಫಲಕಗಳಿವೆ, ಓದಿಕೊಳ್ಳಬಹುದು.

ಇನ್ನು ದೇಗುಲದ ನಾಲ್ಕು ಮೂಲೆಯ ಚಿಕ್ಕ ಶಿಖರಗಳ ಕಥೆ. 1870ರ ದಶಕದಲ್ಲಿ ಬರ್ಮಾದ ದೊರೆ ಮಿಂಡನ್ ದುರಸ್ತಿಗೆ ಜನ ಕಳಿಸಿದ. ಅವರು ಭಕ್ತರು, ಪುರಾತತ್ವದವರಲ್ಲ. ಹಳೆಯ ಅವಶೇಷಗಳನ್ನು ಕೆಡವಿ ಸಮ ಮಾಡತೊಡಗಿದರು. ಬಂಗಾಳ ಸರ್ಕಾರ ವಿದ್ವಾಂಸ ರಾಜೇಂದ್ರಲಾಲ ಮಿತ್ರರನ್ನು ಪರಿಶೀಲನೆಗೆ ಕಳಿಸಿತು. ಆಮೇಲೆ 1880ರಿಂದ ಕನಿಂಗ್‌ಹ್ಯಾಮ್‌ನ ಸಹಾಯಕನಾಗಿದ್ದ ಜೆ. ಡಿ. ಬೆಗ್ಲರ್ ಕೆಲಸ ವಹಿಸಿಕೊಂಡ. ಮೂಲೆ ಶಿಖರಗಳು ಪೂರ್ತಿ ಬಿದ್ದುಹೋಗಿದ್ದವು. ಅವಶೇಷಗಳಲ್ಲಿ ಸಿಕ್ಕ ದೇಗುಲದ ಪುಟ್ಟ ಕಲ್ಲಿನ ಮಾದರಿಯೊಂದನ್ನು ನೋಡಿ ಅವನ್ನು ಮತ್ತೆ ಎಬ್ಬಿಸಿದ. ಸರಿಯೋ ತಪ್ಪೋ ಎಂಬ ಚರ್ಚೆ ಅಂದಿನಿಂದ ಇದೆ. ಆದರೆ ಆ ಹತ್ತು ವರ್ಷದಲ್ಲಿ ಯಾರೂ ಕೈಹಾಕದಿದ್ದರೆ ಶಿಖರವೇ ಉಳಿಯುತ್ತಿತ್ತೋ ಇಲ್ಲವೋ. ಗರ್ಭಗುಡಿಯ ಭೂಮಿಸ್ಪರ್ಶ ಮುದ್ರೆಯ (ಬಲಗೈ ಬೆರಳು ನೆಲ ಮುಟ್ಟಿದ ಭಂಗಿಯ) ಬುದ್ಧನೂ ಮೊದಲಿನಿಂದ ಅಲ್ಲಿದ್ದವನಲ್ಲ. ಪಾಲ ಅರಸರ ಕಾಲದ (ಕ್ರಿ.ಶ. 8-12ನೇ ಶತಮಾನ) ಕಪ್ಪುಕಲ್ಲಿನ ಮೂರ್ತಿ, ಮೇಲೆ ಚಿನ್ನದ ಲೇಪ, ಈ ದುರಸ್ತಿಯ ಕಾಲದಲ್ಲೇ ಒಳಗೆ ಬಂದದ್ದು.

ಹೋಗುವವರಿಗೆ: ಗಯಾ ಜಂಕ್ಷನ್‌ನಿಂದ ಸುಮಾರು 15 ಕಿಲೋಮೀಟರ್, ಆಟೋ ಸಿಗುತ್ತದೆ. ಮೊಬೈಲ್ ಒಳಗೆ ಬಿಡುವುದಿಲ್ಲ, ಹೊರಗಿನ ಲಾಕರಿನಲ್ಲಿಡಬೇಕು. ಕ್ಯಾಮೆರಾಗೆ ಬೇರೆ ಟಿಕೆಟ್. ಬೇಸಿಗೆಯಲ್ಲಿ ಕಲ್ಲುನೆಲ ಕಾದಿರುತ್ತದೆ, ಕಾಲುಚೀಲ ಇಟ್ಟುಕೊಳ್ಳಿ. ಚಳಿಗಾಲದಲ್ಲಿ ನಡೆಯುವ ಟಿಬೆಟಿಯನ್ನರ ಮೊನ್ಲಮ್ ಸಾಮೂಹಿಕ ಪ್ರಾರ್ಥನೆಯ ದಿನಗಳಲ್ಲಿ ಬೈಲಕುಪ್ಪೆಯ ಭಿಕ್ಷುಗಳೂ ಸೇರಿ ಸಾವಿರಾರು ಜನ ಮರದ ಸುತ್ತ ಕೂತಿರುತ್ತಾರೆ. ನೋಡಲು ಸೊಗಸು, ಆದರೆ ಕಟಕಟೆಯ ಕೆತ್ತನೆ ನೋಡಲು ಜಾಗ ಸಿಗುವುದಿಲ್ಲ. ಮೂಲ ಕಂಬಗಳು ಹತ್ತಿರದ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿವೆ. ಅದಕ್ಕೆ ಶುಕ್ರವಾರ ರಜೆ, ಆ ದಿನ ಬಿಟ್ಟು ಹೋಗಿ.